ಒಂದೇ ನಾಟಕ ಗೆದ್ದರೆ ಸಾಲದೇ?

ತುಮಕೂರಿನಿಂದ ಒಂದು ಕಾಗದ ಬಂದಿದೆ: "ಗಿಥಾ ಸೋವರ್ಬಿ ಎಂಬ ಇಂಗ್ಲಿಷ್ ನಾಟಕಕಾರ್ತಿಗೆ ನಿಮ್ಮ ಪತ್ರಿಕೆಯಲ್ಲಿ ಎರಡು ಪುಟ ಕೊಟ್ಟಿದ್ದೀರಿ. ಆಕೆ ಗೆದ್ದದ್ದು ಒಂದೇ ನಾಟಕದಲ್ಲಿ. ಷಾ, ಗಾಲ್ಸ್‌ವರ್ದಿಯಂಥ ದೊಡ್ಡ ನಾಟಕಕಾರರು ಇರುವಾಗ ಈಕೆ ಯಾಕೆ?"

ಸ್ವಾಮಿ, ನಿಮ್ಮ ಲೆಕ್ಕ ಸರಿ. ಆಕೆಯ ಬೇರೆ ನಾಟಕಗಳು ಅಷ್ಟು ಓಡಲಿಲ್ಲ. ಗಾಲ್ಸ್‌ವರ್ದಿಗೆ 1932ರಲ್ಲಿ ನೊಬೆಲ್ ಬಂತು, ಷಾಗೆ ಅದಕ್ಕೂ ಮುಂಚೆ. ಒಪ್ಪಿದೆ. ಆದರೆ ಆ ಒಂದು ನಾಟಕ ನೀವು ಓದಿಲ್ಲ, ಅಲ್ವಾ?

ಗಿಥಾ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಗೇಟ್ಸ್‌ಹೆಡ್‌ನ ಗಾಜು ತಯಾರಿಸುವ ಮನೆತನದಲ್ಲಿ. 'ರುದರ್‌ಫರ್ಡ್ ಅಂಡ್ ಸನ್' ನಾಟಕವೂ ಗಾಜಿನ ಕಾರ್ಖಾನೆ ಯಜಮಾನನ ಮನೆಯಲ್ಲೇ ನಡೆಯುತ್ತದೆ. ಮುದುಕನಿಗೆ ಕಾರ್ಖಾನೆಯೇ ದೇವರು. ಮಗ ಕಂಡುಹಿಡಿದ ಗಾಜು ತಯಾರಿಕೆಯ ಗುಟ್ಟನ್ನು ನಂಬಿಕಸ್ಥ ಮೇಸ್ತ್ರಿಯ ಬಾಯಿ ಬಿಡಿಸಿ ತಿಳಿದುಕೊಳ್ಳುತ್ತಾನೆ. ಆ ಮೇಸ್ತ್ರಿಗೂ ತನ್ನ ಮಗಳಿಗೂ ಸಂಬಂಧವಿದೆ ಎಂದು ತಿಳಿದಾಗ ಇಬ್ಬರನ್ನೂ ಹೊರಗಟ್ಟುತ್ತಾನೆ. ಗಂಡುಮಕ್ಕಳಿಬ್ಬರೂ ಜಾಗ ಖಾಲಿ ಮಾಡುತ್ತಾರೆ. ಕೊನೆಗೆ ಉಳಿಯುವವಳು ಆ ಮನೆ ಲೆಕ್ಕಕ್ಕೇ ಇಟ್ಟುಕೊಳ್ಳದ ಸೊಸೆ ಮೇರಿ. ಅವಳು ಮಾವನ ಜೊತೆ ನೇರ ವ್ಯಾಪಾರಕ್ಕೆ ಇಳಿಯುತ್ತಾಳೆ. ಹತ್ತು ವರ್ಷ ನಾನೂ ನನ್ನ ಮಗುವೂ ಇಲ್ಲೇ ಇರುತ್ತೇವೆ, ಮಗುವಿನ ತಂಟೆಗೆ ಬರಬೇಡಿ, ಆಮೇಲೆ ಮೊಮ್ಮಗ ನಿಮ್ಮವನು. ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಸದ್ಯ, ಒಬ್ಬಳಾದರೂ ಸರಿಯಾಗಿ ಚೌಕಾಸಿ ಮಾಡಿದಳು" ಅಂದಳು. ಯಾವ ವಿಮರ್ಶಕನೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕಾಣೆ.

1912ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ನಾಟಕ ಶುರುವಾದಾಗ ಹಾಕಿದ್ದ ಹೆಸರು ಕೆ. ಜಿ. ಸೋವರ್ಬಿ. ಬರೆದವರು ಗಂಡಸು ಅಂತಲೇ ಜನ ಅಂದುಕೊಂಡರು. 133 ಪ್ರದರ್ಶನ ಆಯಿತು, ಅದೇ ವರ್ಷ ನ್ಯೂಯಾರ್ಕಿಗೂ ಹೋಯಿತು. ಆಮೇಲೆ ಮರೆತರು. 1970ರಲ್ಲಿ, 93ರ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಯಾರಿಗೆ ಬೇಕು ಅಂತ ಅದಕ್ಕೂ ಮುಂಚೆ ತಮ್ಮ ಕಾಗದಪತ್ರ ಸುಟ್ಟುಬಿಟ್ಟಿದ್ದರಂತೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ ಆ ನಾಟಕ ಆಡಿದ್ದು 1994ರಲ್ಲಿ!

ನಾನು ಬಿ.ಎ. ಓದುವಾಗ ಪಠ್ಯದಲ್ಲಿದ್ದ ನಾಟಕಕಾರರೆಲ್ಲ ಗಂಡಸರೇ. ನಾವೂ ಸುಮ್ನೆ ನೋಟ್ಸ್ ಬರೆದುಕೊಂಡೆವು, ಕೇಳಲಿಲ್ಲ. ಈಗ ನಮ್ಮ ಕಚೇರಿಗೆ ಬರೀ ಇನಿಶಿಯಲ್ ಹಾಕಿದ ಕಥೆಗಳು ಬರುತ್ತವೆ. ಫೋನ್ ಮಾಡಿದರೆ ಆ ಕಡೆಯಿಂದ ಹೆಣ್ಣು ದನಿ: "ಪೂರ್ತಿ ಹೆಸರು ಹಾಕಬೇಡಿ ಸಾರ್, ಮನೇಲಿ ಗೊತ್ತಾಗುತ್ತೆ." ನೂರು ವರ್ಷ ಆಯಿತಲ್ಲ ಸ್ವಾಮಿ?

ಅಂದಹಾಗೆ, ನಿಮ್ಮ ಕಾಗದದ ಕೆಳಗೂ ಎರಡೇ ಅಕ್ಷರ ಇವೆ. ನಾನು ಆಗಿನಿಂದ ಸ್ವಾಮಿ, ಸ್ವಾಮಿ ಅನ್ನುತ್ತಿದ್ದೇನೆ. ತಪ್ಪಾಗಿದ್ದರೆ ಮುಂದಿನ ಕಾಗದಕ್ಕೆ ಪೂರ್ತಿ ಹೆಸರು ಹಾಕಿ.

-ಸಂ.