ತಮ್ಮನ ಫೋನ್ ಒಡೆಯಬೇಡಿ

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ತಮ್ಮನಿಗೆ 21. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಎಲ್ಲರೆದುರು ಬೈಸಿಕೊಂಡು ಕೆಲಸ ಬಿಟ್ಟು ಬಂದ. ಈಗ ‘ಅಣ್ಣ’ ಎಂಬೊಬ್ಬನ ಬೆನ್ನು ಹತ್ತಿದ್ದಾನೆ. ಧರ್ಮಕ್ಕಾಗಿ ರಕ್ತ ಹರಿಯಲೇಬೇಕು ಎನ್ನುವ ವಿಡಿಯೊ ರಾತ್ರಿಯಿಡೀ ನೋಡುತ್ತಾನೆ. ಎದುರುಮನೆಯವರ ಬಗ್ಗೆ ‘ಅವರು ಮನುಷ್ಯಾರ ಅಲ್ಲ’ ಅಂತಾನೆ. ಫೋನ್ ಒಡೆದು, ಮದುವೆ ಮಾಡಿಬಿಡೋಣ ಎಂದು ಅಪ್ಪ ಅನ್ನುತ್ತಾರೆ. ಪೊಲೀಸರಿಗೆ ಹೇಳಿದರೆ ಅವನ ಬಾಳು ಹಾಳು. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಧರ್ಮ ಯಾವುದೆಂದು ಬರೆದಿಲ್ಲ, ಉತ್ತರಕ್ಕೆ ಅದು ಬೇಕಾಗಿಯೂ ಇಲ್ಲ. ಅವಮಾನ ಉಂಡ ಹುಡುಗ, ಅವನ ಸಂಕಟ ಕೇಳುವ ಒಬ್ಬ ಅಣ್ಣ, ಇದಕ್ಕೆಲ್ಲ ಇಂಥವರೇ ಕಾರಣ ಎಂದು ಬೆರಳು ತೋರಿಸುವ ಒಂದು ಕಥೆ. ಮೂರೂ ಕೂಡಿದರೆ ನೌಕರಿ ಕಳೆದುಕೊಂಡವ ಒಮ್ಮೆಲೇ ‘ಯೋಧ’ ಆಗುತ್ತಾನೆ. ಅಮೆರಿಕದ ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರಲ್ಲಿ ಪ್ರಕಟಿಸಿದ ಜಿಹಾದಿ ಜಾಲಗಳ ಅಧ್ಯಯನದಲ್ಲಿ ಹೆಚ್ಚಿನವರು ಒಳಹೊಕ್ಕದ್ದು ಗೆಳೆತನ, ನೆಂಟಸ್ತಿಕೆಯ ಮೂಲಕ. ಸಿದ್ಧಾಂತ ತಲೆಗೇರಿದ್ದು ಆಮೇಲೆ. ಸಿದ್ಧಾಂತ ಯಾವುದಾದರೂ ದಾರಿ ಇದೇ: ಜರ್ಮನಿಯಲ್ಲಿ ನವನಾಜಿಗಳನ್ನು (ಹಿಟ್ಲರನ ಸಿದ್ಧಾಂತ ಹಿಡಿದವರನ್ನು) ಗುಂಪಿನಿಂದ ಹೊರತರಲು 2000ರಲ್ಲಿ ಶುರುವಾದ ‘ಎಕ್ಸಿಟ್’ ತಂಡವೇ ಮುಂದೆ ಇಸ್ಲಾಮಿ ಉಗ್ರವಾದಕ್ಕೆ ಸಿಕ್ಕವರ ಮನೆಯವರಿಗಾಗಿ ‘ಹಯಾತ್’ ಎಂಬ ಸಲಹಾ ಕೇಂದ್ರ ತೆರೆಯಿತು.

‘ಮನೆಯವರೇ ಮೊದಲು ತಿರುಗಿ ಬೀಳ್ತಾರ’ ಎಂದು ಆ ಅಣ್ಣ ಹೇಳಿಟ್ಟಿರುತ್ತಾನೆ. ಫೋನ್ ಒಡೆದರೆ ಅಪ್ಪ ಆ ಮಾತನ್ನು ನಿಜ ಮಾಡಿಕೊಟ್ಟಂತೆ. ಗುಂಪಿನವರು ಬೇರೆ ಫೋನ್ ಕೊಡಿಸುತ್ತಾರೆ, ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಮದುವೆಯಂತೂ ಬೇಡವೇ ಬೇಡ. ಯಾರದೋ ಮಗಳನ್ನು ಈ ಸುಳಿಗೆ ಏಕೆ ಎಳೆಯುತ್ತೀರಿ? ಶಿಶುನಾಳ ಶರೀಫರ ಪದ ಹೇಳಿ ಬುದ್ಧಿ ಕಲಿಸುತ್ತೇವೆ ಎಂದು ಹೊರಡುವವರೂ ನಮ್ಮ ಕಡೆ ಇದ್ದಾರೆ. ಈಗ ಅದು ನಾಟದು. ಇಂಥ ಮಾತಿಗೆಲ್ಲ ಉತ್ತರ ಬಾಯಿಪಾಠ ಮಾಡಿಸಿರುತ್ತಾರೆ.

ಮನೆಯಲ್ಲಿ ಮಾತಾಡುವ ಹೊಣೆ ಒಬ್ಬರೇ ಹೊರಲಿ, ಅದು ನೀವೇ ಆಗಿರಿ. ಊಟಕ್ಕೆ ಜೊತೆಗೆ ಕೂಡಿ. ಧರ್ಮದ ಸುದ್ದಿ ತೆಗೆಯದೆ, ಕಾರ್ಖಾನೆಯಲ್ಲಿ ಅವತ್ತು ಏನಾಯಿತೆಂದು ಕೇಳಿ. ಬಹುಶಃ ಅದನ್ನು ಇದುವರೆಗೆ ಕೇಳಿದವ ಆ ಅಣ್ಣನೊಬ್ಬನೇ. ಆಮೇಲೆ ಯಾವಾಗಲೋ ಒಂದು ಪ್ರಶ್ನೆ ಇಡಿ: ‘ಆ ಅಣ್ಣನ ಮಕ್ಕಳು ಏನು ಓದ್ತಾರ? ಜೈಲಿಗೆ ಹೋಗೋದು ನೀನಾ, ಅವನಾ?’ ಉತ್ತರಕ್ಕೆ ಒತ್ತಾಯಿಸಬೇಡಿ. ಅವನು ಮಾತು ಬಿಟ್ಟ ಹಳೆಯ ಗೆಳೆಯನನ್ನು ಮನೆಗೆ ಕರೆಯಿರಿ. ಗುಂಪು ಸೇರುವ ಹೊತ್ತನ್ನೇ ನೋಡಿ, ಆ ಹೊತ್ತು ತುಂಬುವ ಕೆಲಸ ಹುಡುಕಿ. ವಾರದಲ್ಲಿ ಫಲ ಕಾಣದು, ತಿಂಗಳುಗಳೇ ಹಿಡಿಯಬಹುದು.

ಪೂಜೆ, ನಮಾಜು, ವೇಷ ಹೆಚ್ಚಿದ್ದಕ್ಕೆ ಹೆದರಬೇಡಿ. ಎರಡನೇ ಸಿಮ್, ತಾನಾಗೇ ಅಳಿಯುವ ಸಂದೇಶ ಕಂಡರೆ ಎಚ್ಚರ. ತನ್ನ ಸಾಮಾನು ಬೇರೆಯವರಿಗೆ ಹಂಚುವುದು, ಕೊನೆಯ ಸಲವೆಂಬಂತೆ ಮಾತಾಡುವುದು, ಆಯುಧ ವಿಚಾರಿಸುವುದು, ‘ಇಂಥವನನ್ನು ಇಂಥ ದಿನ’ ಎನ್ನುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಬಾಳು ಹಾಳು ಎಂಬ ಅಂಜಿಕೆ ಸಹಜ. ಆದರೆ ಭಯೋತ್ಪಾದಕ ಸಂಘಟನೆಯ ಚಟುವಟಿಕೆ ಬೆಳೆಸಲೆಂದು ಅದರ ಜೊತೆ ಸೇರಿದರೂ ಯುಎಪಿಎ (ಭಯೋತ್ಪಾದನೆ ತಡೆಯುವ ಕಾನೂನು) 38ನೇ ಕಲಮಿನಡಿ 10 ವರ್ಷದವರೆಗೆ ಸಜೆ ಇದೆ; ಕೃತ್ಯ ನಡೆದರೆ ಕೇಳುವುದೇ ಬೇಡ. ಹೆದರಿ ಸಂದೇಶ, ವಿಡಿಯೊ ಅಳಿಸಿದರೆ ಮನೆಯವರ ಮೇಲೂ ಸಂಶಯ ಬರುತ್ತದೆ. ಮೊದಲು ವಕೀಲರ ಸಲಹೆ ಬೇಕೆನಿಸಿದರೆ ಸರಕಾರಿ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ.

ತಮ್ಮನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಎಳೆದೊಯ್ಯಬೇಡಿ, ಮೊದಲು ನೀವೊಬ್ಬರೇ ಹೋಗಿ ಮಾತಾಡಿ ಬನ್ನಿ. ಅಷ್ಟು ದೂರ ಆಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.