ಹಲಸು ತಿಂದು ಘಾಟಿ ಹತ್ತಬೇಡಿ

ಬೆಳಿಗ್ಗೆ ಮಲ್ಪೆ ಬೀಚಲ್ಲಿ ಓಡುತ್ತೀರಿ, ಭಾನುವಾರ ಸೈಕಲ್. ಮೊದಲು ಯಾವ ಹಣ್ಣು ತಿನ್ನಲಿ, ನಡುವೆ ಎಷ್ಟು ತಿನ್ನಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಉಡುಪಿಯಲ್ಲಿ ಎಂಟು ವರ್ಷದಿಂದ ಸೈಕಲ್ ತುಳಿಯುವವನು, ಅಷ್ಟೇ.

ಓಟ ಮುಕ್ಕಾಲು ಗಂಟೆಯೊಳಗೆ ಮುಗಿಯುವುದಾದರೆ ಏನೂ ತಿನ್ನದಿದ್ದರೂ ನಡೆಯುತ್ತದೆ. ಹೊಟ್ಟೆ ಚುರುಗುಟ್ಟಿದರೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು. ಚೆನ್ನಾಗಿ ಹಣ್ಣಾಗಿರಲಿ, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿದ್ದರೆ ಇನ್ನೂ ಒಳ್ಳೆಯದು. ಕಾಯಿಯಲ್ಲಿದ್ದ ಪಿಷ್ಟ ಹಣ್ಣಾಗುತ್ತಾ ಸಕ್ಕರೆಯಾಗುತ್ತದೆ, ಬೇಗ ಮೈಗೆ ಹತ್ತುತ್ತದೆ. ದೋರೆಗಾಯಿ ತಿಂದು ಓಡಿದರೆ ಹೊಟ್ಟೆಯಲ್ಲಿ ಗುಡುಗುಡು.

ನಡುವೆ ತಿನ್ನುವ ಮಾತು ಬರುವುದು ಒಂದು ಗಂಟೆ ದಾಟಿದ ಮೇಲೆ. ಆಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಎನ್ನುತ್ತಾರೆ ಕ್ರೀಡಾ ಆಹಾರ ತಜ್ಞರು. ಮಧ್ಯಮ ಗಾತ್ರದ ಪಚ್ಚಬಾಳೆ ಒಂದರಲ್ಲಿ ಸುಮಾರು 27 ಗ್ರಾಂ ಇರುತ್ತದೆ. ಅಂದರೆ ಗಂಟೆಗೆ ಒಂದರಿಂದ ಎರಡು ಹಣ್ಣು. ನಮ್ಮ ಪುಟ್ಟ ಕದಳಿಯಾದರೆ ಮೂರು ನಾಲ್ಕು ಬೇಕಾದೀತು. ಒಂದೇ ಸಲ ನುಂಗಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಓಡುತ್ತಾ ಜಗಿದರೆ ಏದುಸಿರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ನಿಮಿಷ ನಡೆಯಿರಿ, ಬೀಜ ತೆಗೆದ ಖರ್ಜೂರ ತಿಂದು ನೀರು ಕುಡಿಯಿರಿ, ಮತ್ತೆ ಓಡಿ.

ಇನ್ನು ಹಲಸಿನ ಕತೆ. ಒಂದು ಮೇ ತಿಂಗಳು ಉಡುಪಿಯಿಂದ ಆಗುಂಬೆಗೆ ಹೊರಟಿದ್ದೆ, ಸುಮಾರು 55 ಕಿಲೋಮೀಟರ್. ಹೆಬ್ರಿ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಬ್ಬರು ಬಕ್ಕೆ ಹಲಸು ಕೊಯ್ದಿಟ್ಟು ಕೂತಿದ್ದರು. ಒಂದು ಸೊಳೆ ಅಂತ ಶುರು ಮಾಡಿದವನು ಹದಿನೈದಕ್ಕೆ ನಿಲ್ಲಿಸಿದೆ. ಸಿಹಿ ಇದೆಯಲ್ಲ, ಘಾಟಿಗೆ ಶಕ್ತಿ ಬರುತ್ತದೆ ಅಂತ ನನ್ನ ಲೆಕ್ಕ! ಸೋಮೇಶ್ವರದ ಮೇಲೆ 14 ತಿರುವುಗಳಿವೆ ಅಲ್ವಾ, ಮೂರನೆಯದರಲ್ಲೇ ಹೊಟ್ಟೆ ಮದ್ದಳೆಯಾಯಿತು. ಆರನೆಯದರಲ್ಲಿ ಸೈಕಲನ್ನು ತಡೆಗೋಡೆಗೆ ಒರಗಿಸಿ, ಹೊಟ್ಟೆ ಹಿಡಿದುಕೊಂಡು ಕೂತೆ. ಎದುರಿಗೆ ಎರಡು ಮಂಗಗಳು ಕೂತು ನನ್ನ ಬ್ಯಾಗನ್ನೇ ನೋಡುತ್ತಿದ್ದವು.

ಆಮೇಲೆ ಗೊತ್ತಾಯಿತು. ಏರು ಹತ್ತುವಾಗ ರಕ್ತವೆಲ್ಲ ಕಾಲಿನ ಕಡೆ ಹೋಗುತ್ತದೆ, ಜಠರಕ್ಕೆ ಕಡಿಮೆ. ಅಂಥ ಹೊತ್ತಲ್ಲಿ ನಾರು ಜಾಸ್ತಿಯಾದರೆ ಹೊಟ್ಟೆ ಭಾರ. ಹಣ್ಣಿನ ಸಕ್ಕರೆ, ಅಂದರೆ ಫ್ರಕ್ಟೋಸ್, ಒಮ್ಮೆಗೇ ತುಂಬಾ ಹೋದರೆ ಕರುಳು ಅಷ್ಟನ್ನೂ ಹೀರಿಕೊಳ್ಳುವುದಿಲ್ಲ, ಗ್ಯಾಸು, ನುಲಿತ ಶುರುವಾಗುತ್ತದೆ. ಹಲಸು, ಮಾವು ಮನೆಗೆ ಬಂದ ಮೇಲೆ ಎಷ್ಟು ಬೇಕಾದರೂ ತಿನ್ನಿ.

ನಮ್ಮ ಕರಾವಳಿಯ ಸೆಕೆಗೆ ಹಣ್ಣೊಂದೇ ಸಾಲದು. ಬೆವರಲ್ಲಿ ಉಪ್ಪು ಹೋಗುತ್ತದೆ, ಹಣ್ಣಿನಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಬೊಂಡದಲ್ಲೂ, ಅಂದರೆ ಎಳನೀರಲ್ಲೂ, ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆಯೇ. ಹಾಗಾಗಿ ನನ್ನ ಬಾಟಲಿಯಲ್ಲಿ ಪುನರ್ಪುಳಿ (ಕೋಕಂ) ಶರಬತ್ತು, ಅದಕ್ಕೆ ಒಂದು ಚಿಟಿಕೆ ಉಪ್ಪು. ಶುಗರ್ ಇದ್ದರೆ ಮಾತ್ರ ಇದನ್ನೆಲ್ಲ ನಿಮ್ಮ ಡಾಕ್ಟರ್ ಹತ್ತಿರ ಕೇಳಿಯೇ ಮಾಡಿ.

ಹಾಂ, ಕದಳಿಯನ್ನು ಬೆನ್ನಿನ ಜೇಬಲ್ಲಿ ಹಾಕಿಕೊಳ್ಳಬೇಡಿ. ಮಣಿಪಾಲದ ಏರು ಮುಗಿಯುವಷ್ಟರಲ್ಲಿ ಪಾಯಸವಾಗಿರುತ್ತದೆ. ಸಿಪ್ಪೆ ದಪ್ಪ ಇರುವ ನೇಂದ್ರ ತಡೆದುಕೊಳ್ಳುತ್ತದೆ.