ಟಿ-ಸ್ಕೋರ್ ಸುಧಾರಿಸಿತು ಅಂತ ಇಂಜೆಕ್ಷನ್ ಬಿಡಬೇಡಿ

ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ನಿಲ್ಲುತ್ತಲೇ ಇಲ್ಲ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವಕ್ಕೆ ಚಿಕ್ಕ ಉತ್ತರ ಸಾಕು.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಆಗ ಮೂಳೆಯ ಗಟ್ಟಿತನ ತೋರಿಸುವ ಟಿ-ಸ್ಕೋರ್ ಮೈನಸ್ 3.1 ಇತ್ತು. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ಕೊಡಿಸುತ್ತಿದ್ದೇವೆ. ಮೂರು ವರ್ಷ ಆಗುತ್ತಾ ಬಂತು. ಕೊನೆಯದು ಕೊಟ್ಟು ನಾಲ್ಕು ತಿಂಗಳಾಗಿದೆ. ಈಗ ಸ್ಕೋರ್ ಮೈನಸ್ 2.3. ಒಂದು ಹಲ್ಲು ಕೀಳಿಸಬೇಕಿದೆ. ಈ ಇಂಜೆಕ್ಷನ್ ತಗೊಂಡವರಿಗೆ ದವಡೆ ಕೊಳೆಯುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಹೇಗೂ ಮೂಳೆ ಗಟ್ಟಿಯಾಗಿದೆ. ಮುಂದಿನ ಡೋಸ್ ಬಿಡಬಹುದಾ?

ಉತ್ತರ: ಬಿಡಬೇಡಿ. ಮೊದಲು ಇಷ್ಟನ್ನು ಮನಸ್ಸಿಗೆ ತಗೊಳ್ಳಿ, ಕಾರಣ ಆಮೇಲೆ ಹೇಳುತ್ತೇನೆ.

ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳಿವೆ, ಹೊಸದನ್ನು ಕಟ್ಟುವವೂ ಇವೆ. ಡೆನೊಸುಮ್ಯಾಬ್ ಕರಗಿಸುವವುಗಳನ್ನು ತಡೆಯುತ್ತದೆ. ಆದರೆ ಅದು ಮೂಳೆಯೊಳಗೆ ಉಳಿಯುವ ಔಷಧ ಅಲ್ಲ. ಆರು ತಿಂಗಳಿಗೆ ಅದರ ಶಕ್ತಿ ಮುಗಿಯುತ್ತದೆ. ಆಗ ಅಷ್ಟು ದಿನ ತಡೆದಿಟ್ಟಿದ್ದ ಕೋಶಗಳೆಲ್ಲ ಕಟ್ಟೆ ಒಡೆದ ಹಾಗೆ ಒಟ್ಟಿಗೇ ನುಗ್ಗುತ್ತವೆ. ಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತಲೂ ವೇಗವಾಗಿ ಮೂಳೆ ಕರಗುತ್ತದೆ. ವರ್ಷಗಟ್ಟಲೆ ಗಳಿಸಿದ ಗಟ್ಟಿತನ ಒಂದೆರಡು ವರ್ಷದಲ್ಲೇ ಹೋಗಿಬಿಡುತ್ತದೆ. ಕೆಲವರಿಗೆ ಬೆನ್ನುಮೂಳೆ ಕುಸಿಯುತ್ತದೆ. ಅದೂ ಒಂದೇ ಕಡೆ ಅಲ್ಲ, ಒಟ್ಟಿಗೆ ಎರಡು ಮೂರು ಕಡೆ. ಬೀಳುವುದೂ ಬೇಡ. ಬಗ್ಗಿ ಬಿಂದಿಗೆ ಎತ್ತಿದರೆ ಸಾಕು. ಮೊದಲೇ ಬೆನ್ನುಮೂಳೆ ಮುರಿದಿದ್ದವರಿಗೆ ಈ ಅಪಾಯ ಇನ್ನೂ ಜಾಸ್ತಿ.

ನಿಮ್ಮ ತಾಯಿಯ ಸ್ಕೋರ್ ಮೈನಸ್ 2.3 ಆಗಿರುವುದು ಇಂಜೆಕ್ಷನ್ ಇರುವುದರಿಂದ. ಕಾಯಿಲೆ ಹೋಗಿದೆ ಅಂತ ಅಲ್ಲ.

ಈ ಗೊಂದಲ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಲೆಂಡ್ರೊನೇಟ್ ಎಂಬ ವಾರದ ಮಾತ್ರೆಗೆ ಐದು ವರ್ಷದ ನಂತರ, ಜೋಲೆಡ್ರೊನಿಕ್ ಆಸಿಡ್ ಎಂಬ ವರ್ಷಕ್ಕೊಮ್ಮೆಯ ಡ್ರಿಪ್‌ಗೆ ಮೂರು ವರ್ಷದ ನಂತರ, ಅಪಾಯ ಕಡಿಮೆ ಇರುವವರಿಗೆ ನಾವು ರಜೆ ಕೊಡುತ್ತೇವೆ. ಅವು ಮೂಳೆಯಲ್ಲೇ ಸೇರಿಕೊಂಡು ವರ್ಷಗಟ್ಟಲೆ ಕೆಲಸ ಮಾಡುತ್ತವೆ, ಅದಕ್ಕೇ ಆ ರಜೆ. ಡೆನೊಸುಮ್ಯಾಬ್‌ಗೆ ರಜೆ ಎಂಬುದೇ ಇಲ್ಲ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ 'ಮೂರು ವರ್ಷ ಆಯ್ತಲ್ಲ, ಸಾಕು' ಎಂದು ಸಲಹೆ ಕೊಡುವವರು ಆಮೇಲೆ ಮುರಿದ ಬೆನ್ನನ್ನು ನೋಡಲು ಬರುವುದಿಲ್ಲ. ಅದಕ್ಕೇ ನನಗೆ ಸಿಟ್ಟು.

ಹಾಗಾದರೆ ಜೀವಮಾನವಿಡೀ ಚುಚ್ಚಿಸಿಕೊಳ್ಳಬೇಕಾ? ಇಲ್ಲ. ನಿಲ್ಲಿಸಬಹುದು, ಆದರೆ ಬರಿಗೈಲಿ ಅಲ್ಲ. ಕೊನೆಯ ಇಂಜೆಕ್ಷನ್ ಆಗಿ ಆರು ತಿಂಗಳಾಗುವ ಹೊತ್ತಿಗೆ ಅಲೆಂಡ್ರೊನೇಟ್ ಅಥವಾ ಜೋಲೆಡ್ರೊನಿಕ್ ಆಸಿಡ್ ಶುರು ಮಾಡಬೇಕು. ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ಇಂಜೆಕ್ಷನ್ ತಗೊಂಡವರಿಗೆ ಒಂದು ಡ್ರಿಪ್ ಸಾಲದೇ ಹೋಗಬಹುದು. ನಿಮ್ಮ ತಾಯಿ ಆ ಗುಂಪಿಗೇ ಸೇರುತ್ತಾರೆ. ಮೂಳೆ ಎಷ್ಟು ವೇಗದಲ್ಲಿ ಕರಗುತ್ತಿದೆ ಅಂತ ಸಿಟಿಎಕ್ಸ್ ಎಂಬ ರಕ್ತಪರೀಕ್ಷೆಯಲ್ಲಿ ನೋಡಿ, ಬೇಕಾದರೆ ಮತ್ತೆ ಕೊಡಬೇಕಾಗುತ್ತದೆ. ಇದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಈಗ ಹಲ್ಲು. ದವಡೆಯ ತೊಂದರೆ ಸುಳ್ಳಲ್ಲ. ಆದರೆ ಅದು ಹೆಚ್ಚಾಗಿ ಕಾಣುವುದು ಕ್ಯಾನ್ಸರ್ ರೋಗಿಗಳಲ್ಲಿ. ಅವರಿಗೆ ಇದೇ ಔಷಧವನ್ನು 120 ಮಿಲಿಗ್ರಾಂನಂತೆ ತಿಂಗಳಿಗೊಮ್ಮೆ ಕೊಡುತ್ತಾರೆ. ನಿಮ್ಮ ತಾಯಿಗೆ ಆರು ತಿಂಗಳಿಗೆ 60 ಮಿಲಿಗ್ರಾಂ. ಈ ಪ್ರಮಾಣದಲ್ಲಿ ದವಡೆಯ ತೊಂದರೆ ತೀರಾ ಅಪರೂಪ. ಡೋಸ್ ತಪ್ಪಿಸಿ ಬೆನ್ನು ಮುರಿದುಕೊಳ್ಳುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ನಿಮಗಂತೂ ಸಮಯ ಅನುಕೂಲವಾಗಿಯೇ ಇದೆ. ನಾಲ್ಕು ತಿಂಗಳಾಗಿದೆ ಅಂದಿರಿ. ಈ ವಾರವೇ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ, ಯಾವ ಇಂಜೆಕ್ಷನ್, ಕೊನೆಯದು ಯಾವತ್ತು ಅಂತ ಹೇಳಿ, ಕೀಳಿಸಿಬಿಡಿ. ಮುಂದಿನ ಡೋಸ್ ಬರುವಷ್ಟರಲ್ಲಿ ಒಸಡು ಮಾಯ್ದಿರುತ್ತದೆ. ಮಾಯದಿದ್ದರೆ ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಲಿ. ಹಲ್ಲಿನ ನೆಪದಲ್ಲಿ ಡೋಸ್ ಏಳು ತಿಂಗಳು ದಾಟಬಾರದು.

ಈ ಏಳು ತಿಂಗಳ ಗಡುವು ನಾನು ಹುಟ್ಟಿಸಿದ್ದಲ್ಲ. 2020ರ ಕೋವಿಡ್ ಕಾಲದಲ್ಲಿ ಆಸ್ಪತ್ರೆಗೆ ಹೋಗಲಾಗದೆ ಡೋಸ್ ತಪ್ಪುವ ಸಂದರ್ಭ ಬಂದಾಗ ಮೂಳೆ ತಜ್ಞರ ಸಂಘಟನೆಗಳು ಒಟ್ಟಾಗಿ ಹೇಳಿದ್ದು ಇದನ್ನೇ. ಏಳು ತಿಂಗಳೊಳಗೆ ಕೊಡಲು ಆಗದಿದ್ದರೆ ತಾತ್ಕಾಲಿಕವಾಗಿ ಮಾತ್ರೆಯನ್ನಾದರೂ ಶುರು ಮಾಡಿ ಅಂದರು.

ನಾನು ಈ ಇಂಜೆಕ್ಷನ್ ಬರೆಯುವ ಮುಂಚೆ ಒಂದು ಮಾತು ಕೇಳುತ್ತೇನೆ: ತಾರೀಖು ನೆನಪಿಟ್ಟುಕೊಂಡು ಕರೆದುಕೊಂಡು ಬರುವವರು ಯಾರು? ಉತ್ತರ ಗಟ್ಟಿಯಾಗಿ ಬರದಿದ್ದರೆ, ಕಿಡ್ನಿ ಚೆನ್ನಾಗಿದ್ದರೆ, ವರ್ಷಕ್ಕೊಮ್ಮೆಯ ಡ್ರಿಪ್ಪೇ ವಾಸಿ ಅನ್ನುತ್ತೇನೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದುಬರುವ ಅಮ್ಮಂದಿರು ಡೋಸ್ ತಪ್ಪಿಸಿಕೊಳ್ಳುವುದೇ ಹೀಗೆ. ಟಿಕೆಟ್ ಬುಕ್ ಮಾಡುವ ಮುಂಚೆ ಡೋಸ್ ತಾರೀಖು ನೋಡಿ. ಪ್ರತಿ ಡೋಸ್‌ಗೆ ಮುಂಚೆ ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಿ. ಕಿಡ್ನಿ ತೊಂದರೆ ಇದ್ದವರಿಗಂತೂ ಇದು ಕಡ್ಡಾಯ. ಡಯಾಲಿಸಿಸ್‌ನಲ್ಲಿರುವವರಿಗೆ ಈ ಇಂಜೆಕ್ಷನ್‌ನಿಂದ ಕ್ಯಾಲ್ಸಿಯಂ ಜೀವಕ್ಕೆ ಅಪಾಯ ಆಗುವಷ್ಟು ಇಳಿಯಬಹುದು.

ಈಗಾಗಲೇ ಡೋಸ್ ತಪ್ಪಿಸಿಕೊಂಡವರಿಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಬಂದರೆ ಎಕ್ಸ್‌ರೇ ಮಾಡಿಸಿ. ದಯವಿಟ್ಟು ಎಣ್ಣೆ ಹಚ್ಚಿ ನೀವುವವರ ಹತ್ತಿರ, ಬೆನ್ನು ಲಟಕ್ ಅನ್ನಿಸುವವರ ಹತ್ತಿರ ಹೋಗಬೇಡಿ. ಕುಸಿದ ಮೂಳೆಯ ಮೇಲೆ ಮೊಣಕಾಲೂರಿ ಒತ್ತಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ದಿನಾ ಗೋಧಿ ಕಾಳಿನಷ್ಟು ಸುಣ್ಣ ಮಜ್ಜಿಗೆಗೆ ಹಾಕಿ ಕುಡಿದರೆ ಸಾಕಂತೆ, ಹೌದಾ?

ಉತ್ತರ: ಇಲ್ಲ. ಅನ್ನನಾಳ ಸುಟ್ಟುಕೊಳ್ಳಬೇಡಿ.

ಪ್ರಶ್ನೆ: ಉಚಿತ ಶಿಬಿರದಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ಮೂಳೆ ಸವೆದಿದೆ ಅಂದರು.

ಉತ್ತರ: ಆ ಚೀಟಿ ನಂಬಿ ಮಾತ್ರೆ ಕೊಳ್ಳಬೇಡಿ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನನ್ನು ಸೊಂಟಕ್ಕೂ ಬೆನ್ನಿಗೂ ಮಾಡಿಸಿ.

ಪ್ರಶ್ನೆ: ದಿನಾ ರಾಗಿ ಮುದ್ದೆ ತಿನ್ನುತ್ತೇನೆ. ಔಷಧ ಯಾಕೆ ಬೇಕು?

ಉತ್ತರ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಬೇಕು. ಮುದ್ದೆ ತಿನ್ನಿ, ಹಾಲು ಮೊಸರೂ ತಗೊಳ್ಳಿ. ಮೂಳೆ ಕರಗುವುದನ್ನು ನಿಲ್ಲಿಸಲು ಔಷಧವೇ ಬೇಕು.

ಪ್ರಶ್ನೆ: ವಾರದ ಮಾತ್ರೆಯನ್ನು ಕಾಫಿ ಜೊತೆ ತಗೊಳ್ಳಬಹುದಾ?

ಉತ್ತರ: ಬೇಡ. ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿ. ಅರ್ಧ ಗಂಟೆ ಮಲಗಬೇಡಿ, ಏನೂ ತಿನ್ನಬೇಡಿ.

ಪ್ರಶ್ನೆ: ಮಂಡಿ ನೋವಿಗೆ ಒಬ್ಬರು ಪುಡಿ ಕೊಡುತ್ತಾರೆ. ಎರಡೇ ದಿನದಲ್ಲಿ ನೋವು ಮಾಯ. ಮೂಳೆಗೂ ಒಳ್ಳೆಯದಂತೆ. ಒಂದು ವರ್ಷದಿಂದ ತಗೊಳ್ಳುತ್ತಿದ್ದೇನೆ.

ಉತ್ತರ: ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿದೆ. ಸ್ಟೀರಾಯ್ಡ್ ಮೂರು ತಿಂಗಳು ತಗೊಂಡರೇ ಮೂಳೆ ಟೊಳ್ಳಾಗತೊಡಗುತ್ತದೆ. ನಿಮಗೆ ವರ್ಷವಾಗಿದೆ. ಇದನ್ನು ಮಾರುವವರು ಮಾಡುತ್ತಿರುವುದು ವೈದ್ಯವಲ್ಲ, ಅಪರಾಧ. ಆದರೆ ಒಮ್ಮೆಗೇ ನಿಲ್ಲಿಸಬೇಡಿ. ಇಷ್ಟು ದಿನ ಸ್ಟೀರಾಯ್ಡ್ ಒಳಗೆ ಹೋಗಿದ್ದರೆ ಏಕಾಏಕಿ ಬಿಟ್ಟಾಗ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಪೊಟ್ಟಣ ಹಿಡಿದುಕೊಂಡು ನಾಳೆಯೇ ಫಿಜಿಶಿಯನ್ ಹತ್ತಿರ ಹೋಗಿ. ಅವರು ಹಂತಹಂತವಾಗಿ ಬಿಡಿಸುತ್ತಾರೆ. ಡೆಕ್ಸಾ ಸ್ಕ್ಯಾನನ್ನೂ ಆಗಲೇ ಬರೆಸಿಕೊಳ್ಳಿ.